ಕರುಳು–ಮಿದುಳು ಪ್ಯಾಕೇಜ್: ಮಗನಿಗಾಗಿ ತರಿಸಿದ ಮಲಪರೀಕ್ಷೆಯ ಕಿಟ್ ಮತ್ತು ಪ್ರೋಬಯಾಟಿಕ್ ಪುಡಿ

ಕಳೆದ ವರ್ಷದ ಆಷಾಢದಲ್ಲಿ 14,500 ರೂಪಾಯಿ ಕೊಟ್ಟು ತರಿಸಿಕೊಂಡ ಒಂದು ಪ್ಯಾಕೇಜ್ ಬಗ್ಗೆ ಇದನ್ನು ಬರೆಯುತ್ತಿದ್ದೇನೆ. ಮಕ್ಕಳ ಕರುಳಿನಲ್ಲಿರುವ ಬ್ಯಾಕ್ಟೀರಿಯಾಗಳನ್ನು ಪರೀಕ್ಷಿಸಿ, ಅದಕ್ಕೆ ತಕ್ಕ ಆಹಾರಕ್ರಮವನ್ನೂ ಪ್ರೋಬಯಾಟಿಕ್ ಪುಡಿಯನ್ನೂ, ಅಂದರೆ ಒಳಿತು ಮಾಡುತ್ತವೆಂದು ತಿನ್ನಿಸುವ ಜೀವಂತ ಬ್ಯಾಕ್ಟೀರಿಯಾಗಳ ಪುಡಿಯನ್ನೂ, ಕೊಡುವ ಸೇವೆ ಇದು. ಎರಡು ಬಾರಿಯ ಮಲಪರೀಕ್ಷೆ, 90 ದಿನಗಳಿಗೆ ಸಾಕಾಗುವಷ್ಟು ಪುಡಿಯ ಸ್ಯಾಶೆಗಳು, ಆಹಾರತಜ್ಞರೊಂದಿಗೆ ಎರಡು ಸಲ ವಿಡಿಯೊ ಮಾತುಕತೆ, ಇಷ್ಟೂ ಆ ಹಣದಲ್ಲಿ ಸೇರಿವೆ. ಕಂಪನಿಯ ಹೆಸರನ್ನು ಬರೆಯುವುದಿಲ್ಲ. ಹೆಚ್ಚುಕಡಿಮೆ ಇದೇ ಮಾತುಗಳಲ್ಲಿ ಇದೇ ಸರಕನ್ನು ಮಾರುವವರು ಈಗ ಹಲವರಿರುವುದರಿಂದ, ಒಬ್ಬರ ಹೆಸರು ಹೇಳಿದರೆ ಉಳಿದವರೆಲ್ಲ ಒಳ್ಳೆಯವರೆಂಬ ಅರ್ಥ ಬಂದೀತು. ಐದರಲ್ಲಿ ಎಷ್ಟು ಅಂಕ ಎಂದು ಮೊದಲೇ ಕೇಳುವವರಿಗೆ ಉತ್ತರ: ಒಂದೂವರೆ. ಆ ಒಂದೂವರೆಯನ್ನು ಯಾವುದಕ್ಕೆ ಕೊಟ್ಟೆ ಎಂಬುದನ್ನೂ ಹೇಳುತ್ತೇನೆ.

ನಮ್ಮದು ಶಿವಮೊಗ್ಗ. ಮಗನಿಗೆ ಈಗ ಏಳು ವರ್ಷ. ಮೂರೂವರೆ ವರ್ಷದವನಿದ್ದಾಗ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೆ ಕರೆದೊಯ್ದು ತೋರಿಸಿದಾಗ ಆಟಿಸಂ ಎಂದು ತಿಳಿಯಿತು. ಅಂದಿನಿಂದ ವಾಕ್ ಚಿಕಿತ್ಸೆ, ದಿನನಿತ್ಯದ ಕೆಲಸಗಳನ್ನು ರೂಢಿಸುವ ಆಕ್ಯುಪೇಷನಲ್ ಥೆರಪಿ ನಡೆದುಕೊಂಡು ಬಂದಿವೆ; ನಿಧಾನವಾಗಿ ಬದಲಾವಣೆಯೂ ಇದೆ. ಅವನ ಊಟ ಮಾತ್ರ ಬಹಳ ಕಿರಿದು. ಮೊಸರನ್ನ, ಚಟ್ನಿ ತಾಕದ ಇಡ್ಲಿ, ಮಂಡಕ್ಕಿ, ಒಂದೇ ಕಂಪನಿಯ ಒಂದೇ ಬಿಸ್ಕತ್ತು, ಅಷ್ಟೇ. ಆ ಬಿಸ್ಕತ್ತಿನ ಹೊದಿಕೆಯ ಬಣ್ಣ ಬದಲಾದಾಗ ಎರಡು ವಾರ ಅದನ್ನೂ ಮುಟ್ಟಿರಲಿಲ್ಲ. ಕಳೆದ ವರ್ಷ ಬೇಸಿಗೆ ರಜೆಯ ಹೊತ್ತಿಗೆ ರಾತ್ರಿ ಎದ್ದು ಅಳುವುದು, ಸೋಫಾದ ಅಂಚಿಗೆ ಹೊಟ್ಟೆ ಒತ್ತಿಕೊಂಡು ನಿಲ್ಲುವುದು, ಕೈ ಕಚ್ಚಿಕೊಳ್ಳುವುದು ಹೆಚ್ಚಾದವು. ದಿನಕ್ಕೆ ಮೂರು ನಾಲ್ಕು ಸಲ ಚಡ್ಡಿಯಲ್ಲಿ ತೆಳ್ಳಗೆ ಮಲ ಸೋರಿದ ಕಲೆ ಕಾಣಿಸುತ್ತಿತ್ತು. ನಾವು ಅದನ್ನು ಭೇದಿ ಎಂದುಕೊಂಡೆವು. ಈ ತಪ್ಪು ತಿಳಿವಳಿಕೆಯನ್ನು ನೆನಪಿನಲ್ಲಿಟ್ಟುಕೊಂಡು ಮುಂದೆ ಓದಬೇಕೆಂದು ಕೋರುತ್ತೇನೆ.

ನಾನು ಪದವಿಪೂರ್ವ ಕಾಲೇಜಿನಲ್ಲಿ ಜೀವಶಾಸ್ತ್ರ ಪಾಠ ಮಾಡುವವನು. ಹೀಗಾಗಿ ಜಾಹೀರಾತಿಗೆ ಮರುಳಾದೆ ಎಂದು ಸುಲಭವಾಗಿ ಹೇಳಿ ತಪ್ಪಿಸಿಕೊಳ್ಳುವಂತಿಲ್ಲ. ನಾನು ಮರುಳಾದದ್ದು ಸಂಶೋಧನೆಗೆ. ಅಮೆರಿಕದ ಅರಿಜೋನಾ ಸ್ಟೇಟ್ ವಿಶ್ವವಿದ್ಯಾಲಯದವರು 2017ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ, ಆಟಿಸಂ ಜೊತೆಗೆ ಹೊಟ್ಟೆಯ ತೊಂದರೆಯೂ ಇದ್ದ 18 ಮಕ್ಕಳಿಗೆ ಆರೋಗ್ಯವಂತರ ಮಲದಿಂದ ಬೇರ್ಪಡಿಸಿದ ಸೂಕ್ಷ್ಮಾಣುಗಳನ್ನು ಕೊಟ್ಟಿದ್ದರು. ಹೊಟ್ಟೆಯ ತೊಂದರೆ ಶೇ 80ರಷ್ಟು ಇಳಿಯಿತು, ನಡವಳಿಕೆಯೂ ಸುಧಾರಿಸಿತು, ಎರಡು ವರ್ಷ ಕಳೆದ ಮೇಲೂ ಆ ಸುಧಾರಣೆ ಉಳಿದಿತ್ತು ಎಂಬುದು ಅವರ ವರದಿ. ಕಂಪನಿಯ ಜಾಲತಾಣದಲ್ಲಿ ಇದು ದೊಡ್ಡ ಅಕ್ಷರದಲ್ಲಿದೆ. ಸಣ್ಣ ಅಕ್ಷರದಲ್ಲಿಯೂ ಇಲ್ಲದ ಸಂಗತಿಗಳೆಂದರೆ, ಆ ಮಕ್ಕಳಿಗೆ ಮೊದಲು ಎರಡು ವಾರ ವ್ಯಾಂಕೊಮೈಸಿನ್ ಎಂಬ ಬಲವಾದ ಆ್ಯಂಟಿಬಯಾಟಿಕ್ ಕೊಟ್ಟು ಕರುಳನ್ನು ಪೂರ್ತಿ ತೊಳೆಯಲಾಗಿತ್ತು; ಹೋಲಿಕೆಗೆ ಹುಸಿ ಔಷಧಿ ಪಡೆದ ಮಕ್ಕಳ ಗುಂಪು ಇರಲಿಲ್ಲ; ಯಾರಿಗೆ ಏನು ಕೊಡುತ್ತಿದ್ದಾರೆಂಬುದು ತಂದೆತಾಯಿಗಳಿಗೂ ವೈದ್ಯರಿಗೂ ಗೊತ್ತಿತ್ತು. ಎಲ್ಲಕ್ಕಿಂತ ಮುಖ್ಯವಾಗಿ, ಅಲ್ಲಿ ಕೊಟ್ಟದ್ದು ಸಾವಿರಾರು ಬಗೆಯ ಸೂಕ್ಷ್ಮಾಣುಗಳ ಇಡೀ ಸಮುದಾಯವನ್ನು. ಇಲ್ಲಿ ಮಾರುತ್ತಿರುವುದು ಎಂಟು ಬಗೆಯ ಬ್ಯಾಕ್ಟೀರಿಯಾಗಳ ಒಣಪುಡಿಯನ್ನು. ಒಂದರ ಫಲಿತಾಂಶವನ್ನು ತೋರಿಸಿ ಇನ್ನೊಂದನ್ನು ಮಾರುವುದು, ಹಲಸಿನ ಮರದ ಚಿತ್ರ ತೋರಿಸಿ ಹಪ್ಪಳ ಮಾರಿದಂತೆ.

ಇನ್ನು ಕಿಟ್ ವಿಷಯ. ಇದರ ಮೇಲೆ ನನಗೆ ದೂರಿಲ್ಲ. ಒಂದೂವರೆ ಅಂಕದಲ್ಲಿ ಒಂದು ಪೂರ್ತಿಯಾಗಿ ಇದರದ್ದೇ. ರಟ್ಟಿನ ಗಟ್ಟಿ ಡಬ್ಬಿ, ಒಳಗೆ ಕಮೋಡಿಗೆ ಅಡ್ಡ ಅಂಟಿಸುವ ಕಾಗದದ ತೊಟ್ಟಿಲು, ಉದ್ದ ಹಿಡಿಯ ಎರಡು ಹತ್ತಿಕಡ್ಡಿಗಳು, ನೀಲಿ ದ್ರವವಿರುವ ಎರಡು ಕೊಳವೆಗಳು, ಕೈಗವಸು, ವಾಸನೆ ಹೊರಬಾರದಂತೆ ಮುಚ್ಚುವ ಚೀಲ, ಹಣ ಪಾವತಿಯಾದ ಕೊರಿಯರ್ ಲಕೋಟೆ. ಆ ದ್ರವ ಬ್ಯಾಕ್ಟೀರಿಯಾಗಳ ಡಿಎನ್‌ಎ ಕೆಡದಂತೆ ಕಾಯುವುದರಿಂದ ಮಂಜುಗಡ್ಡೆ ಬೇಕಾಗಿಲ್ಲ. ಆದರೆ ಆ ಕಾಗದದ ತೊಟ್ಟಿಲನ್ನು ರೂಪಿಸಿದವರು ಆಟಿಸಂ ಇರುವ ಮಗುವನ್ನು ಮನಸ್ಸಿನಲ್ಲಿಟ್ಟುಕೊಂಡಿರಲಿಲ್ಲ ಎಂಬುದು ಮೊದಲ ದಿನವೇ ಗೊತ್ತಾಯಿತು. ನನ್ನ ಮಗನಿಗೆ ಬಚ್ಚಲುಮನೆಯಲ್ಲಿ ಒಂದು ಬಕೆಟ್ ಸ್ಥಳ ಬದಲಿಸಿದರೂ ತಳಮಳವಾಗುತ್ತದೆ. ಕಮೋಡಿನ ಮೇಲೆ ಬಿಳಿ ಕಾಗದ ಕಂಡವನು ಬಾಗಿಲಲ್ಲೇ ನಿಂತು ಕಿವಿ ಮುಚ್ಚಿಕೊಂಡ. ಆ ದಿನವೂ ಮರುದಿನವೂ ಬಚ್ಚಲಿಗೆ ಕಾಲಿಡಲಿಲ್ಲ. ಕೊನೆಗೆ ಮೂರನೆಯ ದಿನ ಚಡ್ಡಿಯಲ್ಲಿದ್ದುದನ್ನೇ ಕಡ್ಡಿಯಿಂದ ಒರೆಸಿ ಕೊಳವೆಗೆ ಹಾಕಿದೆವು. ಸಹಾಯವಾಣಿಗೆ ಕರೆ ಮಾಡಿ, ಹೀಗೆ ತೆಗೆದರೆ ನಡೆಯುತ್ತದೆಯೇ ಎಂದು ಕೇಳಿದಾಗ ಆ ಹುಡುಗಿ ಬಹಳ ತಾಳ್ಮೆಯಿಂದ ಮಾತನಾಡಿ, “ಪರವಾಗಿಲ್ಲ ಸರ್, ಬಟ್ಟೆಯ ಮೇಲಿನ ಪದರ ಬಿಟ್ಟು ಮಧ್ಯದಿಂದ ತಗೊಳ್ಳಿ” ಎಂದರು. ಉಳಿದ ಅರ್ಧ ಅಂಕ ಆ ಹುಡುಗಿಗೆ.

ಜೊತೆಯಲ್ಲಿ ತುಂಬಬೇಕಾದ ಪ್ರಶ್ನಾವಳಿಯಲ್ಲಿ 64 ಪ್ರಶ್ನೆಗಳಿದ್ದವು. ಹುಟ್ಟುವಾಗ ಸಿಜೇರಿಯನ್ ಆಗಿತ್ತೇ, ಎಷ್ಟು ತಿಂಗಳು ಎದೆಹಾಲು, ಎಷ್ಟು ಸಲ ಆ್ಯಂಟಿಬಯಾಟಿಕ್ ಎಂಬುದೆಲ್ಲ ಇತ್ತು. ಮಲದ ರೂಪವನ್ನು ಗುರುತಿಸಲು ಬ್ರಿಸ್ಟಲ್ ಪಟ್ಟಿಯ ಏಳು ಚಿತ್ರಗಳಿದ್ದವು. ಒಂದನೆಯದು ಆಡಿನ ಹಿಕ್ಕೆಯಂಥ ಗಟ್ಟಿ ಉಂಡೆ, ಏಳನೆಯದು ನೀರಿನಂಥದ್ದು. ನಾವು ಆರನ್ನೂ ಏಳನ್ನೂ ಗುರುತು ಮಾಡಿದೆವು. ಎಲ್ಲವೂ ಇಂಗ್ಲಿಷಿನಲ್ಲಿ. ಕನ್ನಡದಲ್ಲಿ ಪ್ರಶ್ನಾವಳಿ ಇದೆಯೇ ಎಂದು ಕೇಳಿದ್ದಕ್ಕೆ ‘ಶೀಘ್ರದಲ್ಲಿ’ ಎಂಬ ಉತ್ತರ ಬಂತು.

ಮೂರು ವಾರಕ್ಕೆ ವರದಿ ಬಂತು. 38 ಪುಟ. ಮೊದಲ ಪುಟದಲ್ಲಿ ಸ್ಕೂಟರಿನ ಪೆಟ್ರೋಲ್ ಮುಳ್ಳಿನಂಥ ಒಂದು ಚಿತ್ರ, ಮುಳ್ಳು ಕೆಂಪಿಗೂ ಹಳದಿಗೂ ನಡುವೆ: ‘ವೈವಿಧ್ಯದ ಅಂಕ 54’, ಅಂದರೆ ಕರುಳಿನಲ್ಲಿ ಎಷ್ಟು ಬಗೆಯ ಬ್ಯಾಕ್ಟೀರಿಯಾಗಳಿವೆ ಎಂಬುದರ ಅಳತೆ. ಎರಡನೆಯ ಪುಟದಲ್ಲಿ ‘ಮಿದುಳಿಗೆ ಬೆಂಬಲ’ ಎಂಬ ಶೀರ್ಷಿಕೆಯಡಿ ಇನ್ನೊಂದು ಮುಳ್ಳು. ಈ ಎರಡನೆಯ ಮುಳ್ಳಿನ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಜನ ಹಣ ಕೊಡುವುದೇ ಅದಕ್ಕಾಗಿ.

ಈ ಪರೀಕ್ಷೆಯಲ್ಲಿ ಬಳಸುವುದು ಬ್ಯಾಕ್ಟೀರಿಯಾಗಳ 16ಎಸ್ ಎಂಬ ಜೀನಿನ ಒಂದು ತುಣುಕನ್ನು ಓದುವ ವಿಧಾನ. ಅಗ್ಗದ, ಒಳ್ಳೆಯ ವಿಧಾನ. ಸಂಶೋಧನೆಗೆ ಬಹಳ ಉಪಯುಕ್ತ. ಆದರೆ ಅದರಿಂದ ಸಾಮಾನ್ಯವಾಗಿ ಬ್ಯಾಕ್ಟೀರಿಯಾದ ಜಾತಿಯವರೆಗೆ (ಹತ್ತಿರದ ಪ್ರಭೇದಗಳ ಗುಂಪು, ಇಂಗ್ಲಿಷಿನಲ್ಲಿ ಜೀನಸ್) ಮಾತ್ರ ಖಚಿತವಾಗಿ ತಿಳಿಯುತ್ತದೆ, ಪ್ರಭೇದದ ಮಟ್ಟದಲ್ಲಿ ತಡವರಿಸುತ್ತದೆ, ತಳಿಯ ಮಟ್ಟದಲ್ಲಿ ಏನೂ ಹೇಳಲಾರದು. ಮನೆತನದ ಹೆಸರು ಗೊತ್ತಾಗುತ್ತದೆ, ಆಳು ಯಾರೆಂದು ಗೊತ್ತಾಗುವುದಿಲ್ಲ. ಇ. ಕೋಲೈ ಎಂಬ ಒಂದೇ ಪ್ರಭೇದದಲ್ಲಿ ನಮ್ಮೆಲ್ಲರ ಕರುಳಿನಲ್ಲಿ ಸುಮ್ಮನೆ ಬಾಳುವ ತಳಿಗಳೂ ಇವೆ, ಮಕ್ಕಳ ಮೂತ್ರಪಿಂಡ ಕೆಡಿಸುವ ತಳಿಗಳೂ ಇವೆ ಎಂಬುದನ್ನು ನೆನೆದರೆ ಈ ಮಿತಿಯ ಗಾತ್ರ ಅರ್ಥವಾದೀತು. ಮೇಲಾಗಿ ಬರುವ ಅಂಕಿಗಳೆಲ್ಲ ಶೇಕಡಾವಾರು. ಒಂದು ಹೆಚ್ಚಾದರೆ ಲೆಕ್ಕದಲ್ಲಿ ಇನ್ನೊಂದು ತಾನಾಗಿಯೇ ಕಡಿಮೆಯಾಗುತ್ತದೆ. ನನ್ನ ಮಗನ ಅಂಕವನ್ನು ಯಾರ ಅಂಕದೊಂದಿಗೆ ಹೋಲಿಸಿದ್ದೀರಿ, ಮೊಸರನ್ನ ತಿನ್ನುವ ಮಲೆನಾಡಿನ ಮಕ್ಕಳೊಂದಿಗೋ ಬೇರೆ ದೇಶದ ವಯಸ್ಕರೊಂದಿಗೋ ಎಂಬ ಪ್ರಶ್ನೆಗೆ ವರದಿಯಲ್ಲಿ ಉತ್ತರವಿಲ್ಲ.

ಮಿದುಳಿನ ಮುಳ್ಳಿಗೆ ಆಧಾರವೆಂದು ಅವರು ಕೊಡುವ ಮಾತು ಎಲ್ಲರೂ ಕೇಳಿರುವಂಥದ್ದೇ: ನರಗಳ ನಡುವೆ ಸಂದೇಶ ಒಯ್ಯುವ ಸೆರೊಟೋನಿನ್ ಎಂಬ ರಾಸಾಯನಿಕದಲ್ಲಿ ಶೇ 90ರಷ್ಟು ಕರುಳಿನಲ್ಲಿ ತಯಾರಾಗುತ್ತದೆ. ಮಾತು ಸತ್ಯವೇ. ಆದರೆ ಕರುಳಿನ ಸೆರೊಟೋನಿನ್ ರಕ್ತದಿಂದ ಮಿದುಳಿನೊಳಗೆ ದಾಟುವುದಿಲ್ಲ, ಮಿದುಳು ತನ್ನದನ್ನು ತಾನೇ ತಯಾರಿಸಿಕೊಳ್ಳುತ್ತದೆ ಎಂಬ ಮುಂದಿನ ವಾಕ್ಯವನ್ನು ವರದಿ ಬರೆಯುವುದಿಲ್ಲ. ಕರುಳಿಗೂ ಮಿದುಳಿಗೂ, ಮಿದುಳಿನಿಂದ ಹೊಟ್ಟೆಯವರೆಗೆ ಇಳಿಯುವ ವೇಗಸ್ ನರದ ಮೂಲಕ, ರೋಗನಿರೋಧಕ ವ್ಯವಸ್ಥೆಯ ಮೂಲಕ, ಬ್ಯಾಕ್ಟೀರಿಯಾಗಳು ನಾರನ್ನು ಹುದುಗಿಸಿ ಬಿಡುವ ಕೊಬ್ಬಿನಾಮ್ಲಗಳ ಮೂಲಕ ಮಾತುಕತೆ ಇದ್ದೇ ಇದೆ. ಇಲಿಗಳಲ್ಲಿ ಇದನ್ನು ಚೆನ್ನಾಗಿ ತೋರಿಸಿದ್ದಾರೆ. ಕ್ಯಾಲಿಫೋರ್ನಿಯಾದ ಕ್ಯಾಲ್ಟೆಕ್ ಸಂಸ್ಥೆಯವರು 2013ರಲ್ಲಿ ಬ್ಯಾಕ್ಟೀರಾಯ್ಡಿಸ್ ಫ್ರಾಜಿಲಿಸ್ ಎಂಬ ಒಂದೇ ಬ್ಯಾಕ್ಟೀರಿಯಾ ಕೊಟ್ಟು ಇಲಿಮರಿಗಳ ಕೆಲವು ನಡವಳಿಕೆಗಳನ್ನು ತಿದ್ದಿದರು. 2018ರಲ್ಲಿ ಲಾಸ್ ಏಂಜಲೀಸ್‌ನ ವಿಜ್ಞಾನಿಗಳು, ಅಪಸ್ಮಾರಕ್ಕೆ 1921ರಿಂದಲೂ ಬಳಕೆಯಲ್ಲಿರುವ ಕೆಟೋಜೆನಿಕ್ ಆಹಾರ (ಕೊಬ್ಬು ಹೆಚ್ಚು, ಪಿಷ್ಟ ಮತ್ತು ಸಕ್ಕರೆ ಬಹಳ ಕಡಿಮೆ) ಇಲಿಗಳಲ್ಲಿ ಫಿಟ್ಸ್ ತಡೆಯುವುದಕ್ಕೆ ಕರುಳಿನ ಎರಡು ಬಗೆಯ ಬ್ಯಾಕ್ಟೀರಿಯಾಗಳು ಬೇಕೇಬೇಕೆಂದು ತೋರಿಸಿದರು. ಇವನ್ನೆಲ್ಲ ಓದುವಾಗ ನನಗೂ ರೋಮಾಂಚನವಾಗುತ್ತದೆ. ಅದನ್ನು ಏಳು ವರ್ಷದ ಹುಡುಗನ ಹೆಸರಿನ ಮುಂದೆ ಪೆಟ್ರೋಲ್ ಮುಳ್ಳಾಗಿ ಬಿಡಿಸಲು ಯಾರಿಗೂ ಇನ್ನೂ ಅರ್ಹತೆ ಬಂದಿಲ್ಲ, ಅಷ್ಟೇ.

ವರದಿಯ ಆರನೆಯ ಪುಟದಲ್ಲಿ ನಾರು ತಿನ್ನುವ ಬ್ಯಾಕ್ಟೀರಿಯಾಗಳು ಕಡಿಮೆ ಎಂದು ಕೆಂಪಕ್ಷರದಲ್ಲಿತ್ತು. ಮೊಸರನ್ನ, ಇಡ್ಲಿ, ಮಂಡಕ್ಕಿ ತಿನ್ನುವ ಹುಡುಗನ ಕರುಳಿನಲ್ಲಿ ನಾರು ತಿನ್ನುವವು ಏನು ತಿಂದು ಬದುಕಬೇಕು? ನನ್ನ ಹೆಂಡತಿ ಇದನ್ನು ವರದಿ ಓದದೆಯೇ ಹೇಳಿದ್ದಳು. ಆಸ್ಟ್ರೇಲಿಯಾದ ವಿಜ್ಞಾನಿಗಳು ಇದನ್ನೇ 2021ರಲ್ಲಿ 247 ಮಕ್ಕಳ ಮಲವನ್ನು ಪರೀಕ್ಷಿಸಿ ಹೇಳಿದರು. ಅವರಲ್ಲಿ 99 ಮಕ್ಕಳಿಗೆ ಆಟಿಸಂ ಇತ್ತು. ಆಟಿಸಂಗೂ ಬ್ಯಾಕ್ಟೀರಿಯಾಗಳಿಗೂ ನೇರ ನಂಟು ಅವರಿಗೆ ಕಂಡದ್ದು ಬಹಳ ಅಲ್ಪ. ಕಂಡದ್ದು ಬೇರೊಂದು ಸರಪಳಿ: ಆಟಿಸಂ ಇರುವ ಮಕ್ಕಳು ಆಯ್ದ ಕೆಲವನ್ನೇ ತಿನ್ನುತ್ತಾರೆ, ಅದರಿಂದ ಆಹಾರದ ವೈವಿಧ್ಯ ಕುಗ್ಗುತ್ತದೆ, ಅದರಿಂದ ಬ್ಯಾಕ್ಟೀರಿಯಾಗಳ ವೈವಿಧ್ಯ ಕುಗ್ಗುತ್ತದೆ. ಅಂದರೆ ಕರುಳು ಮಗುವಿನ ನಡವಳಿಕೆಯನ್ನು ರೂಪಿಸುತ್ತಿದೆ ಎಂದು ನಾವು ಅಂದುಕೊಂಡಿರುವಾಗ ಬಹುಪಾಲು ನಡೆಯುತ್ತಿರುವುದು ಅದರ ಉಲ್ಟಾ. ಈ ಅಧ್ಯಯನ ಕಂಪನಿಯ ಜಾಲತಾಣದಲ್ಲಿ ಇಲ್ಲ. ನಾನು ಇದನ್ನು ಓದಿದ್ದೂ ಹಣ ಕೊಟ್ಟ ಮೇಲೆ. ಆ ತಪ್ಪು ನನ್ನದೇ.

ಆಹಾರಕ್ರಮದ ಪಟ್ಟಿಯಲ್ಲಿ ಕೀನ್ವಾ, ಬ್ಲೂಬೆರ್ರಿ, ಬೆಣ್ಣೆಹಣ್ಣು, ಕೆಫಿರ್ ಇದ್ದವು. ರಾಗಿ, ಬಸಳೆ, ಬಾಳೆದಿಂಡು ಇರುವ ಊರಿನವರಿಗೆ ಕೀನ್ವಾ ಹೇಳಿದರೆಂದು ನಗಬಹುದು, ನಾವೂ ನಕ್ಕೆವು. ಆದರೆ ಪಟ್ಟಿಯ ನಿಜವಾದ ದೋಷ ಅದಲ್ಲ. ಬಾಳೆದಿಂಡು ಬರೆದಿದ್ದರೂ ಅವನು ತಿನ್ನುತ್ತಿರಲಿಲ್ಲ. ತಿನ್ನದ ಮಗುವಿಗೆ ತಿನ್ನಿಸುವುದು ಹೇಗೆಂಬುದು ಪ್ರಶ್ನೆ, ಅದಕ್ಕೆ ಆ 38 ಪುಟಗಳಲ್ಲಿ ಅರ್ಧ ಪುಟವೂ ಮೀಸಲಾಗಿಲ್ಲ. ನಮ್ಮ ಆಕ್ಯುಪೇಷನಲ್ ಥೆರಪಿಸ್ಟ್ ಹೇಳಿಕೊಟ್ಟ ಕ್ರಮ ಬೇರೆ: ಹೊಸ ಪದಾರ್ಥವನ್ನು ತಟ್ಟೆಯ ಅಂಚಿನಲ್ಲಿ, ಅನ್ನಕ್ಕೆ ತಾಕದಂತೆ ಇಡುವುದು, ತಿನ್ನು ಎನ್ನದೆ ಇರುವುದು, ಅದನ್ನು ಮೂಸಿದರೆ ಅಂದಿಗೆ ಅಷ್ಟೇ ಸಾಕು. ಮೂರು ತಿಂಗಳಲ್ಲಿ ಅವನ ಊಟಕ್ಕೆ ಹೊಸದಾಗಿ ಸೇರಿದ್ದು ಸಿಪ್ಪೆ ತೆಗೆದ ಸೌತೆಕಾಯಿ ಹೋಳು ಒಂದೇ. ನಮ್ಮ ಮನೆಯಲ್ಲಿ ಅದು ಹಬ್ಬ.

ವಿಡಿಯೊ ಮಾತುಕತೆಯಲ್ಲಿ ಆಹಾರತಜ್ಞೆ ಹಾಲು ಮತ್ತು ಗೋಧಿಯನ್ನು ಪೂರ್ತಿ ನಿಲ್ಲಿಸಿ ನೋಡಬಹುದು ಎಂದರು. ಇದು ಹಳೆಯ ಸಲಹೆ, ಇದನ್ನು ಕ್ರಮಬದ್ಧವಾಗಿ ಪರೀಕ್ಷಿಸಿದ್ದಾರೆ. ಅಮೆರಿಕದ ರಾಚೆಸ್ಟರ್‌ನಲ್ಲಿ 14 ಮಕ್ಕಳಿಗೆ ಈ ಪಥ್ಯ ಮಾಡಿಸಿ, ಅವರಿಗೂ ಮನೆಯವರಿಗೂ ತಿಳಿಯದಂತೆ ನಡುನಡುವೆ ಹಾಲು ಅಥವಾ ಗೋಧಿಯ ಅಂಶವನ್ನು ತಿಂಡಿಯಲ್ಲಿ ಬೆರೆಸಿ ಕೊಟ್ಟಾಗ ನಡವಳಿಕೆಯಲ್ಲಾಗಲಿ ನಿದ್ದೆಯಲ್ಲಾಗಲಿ ಗುರುತಿಸುವಂಥ ವ್ಯತ್ಯಾಸ ಕಾಣಲಿಲ್ಲ. ನಮ್ಮ ಮನೆಯ ಲೆಕ್ಕ ಇನ್ನೂ ಸರಳ. ಸಸ್ಯಾಹಾರಿ ಮನೆಯ, ನಾಲ್ಕೇ ಪದಾರ್ಥ ತಿನ್ನುವ ಹುಡುಗನ ತಟ್ಟೆಯಿಂದ ಮೊಸರು ತೆಗೆದರೆ ಅವನಿಗೆ ಪ್ರೋಟೀನ್, ಕ್ಯಾಲ್ಸಿಯಂ ಎಲ್ಲಿಂದ? ‘ಆಲ್ಮಂಡ್ ಯೋಗರ್ಟ್ ಟ್ರೈ ಮಾಡಿ ಸರ್’ ಎಂದರು. ನನ್ನ ಹೆಂಡತಿ ಕ್ಯಾಮೆರಾದಿಂದ ಆಚೆ ಎದ್ದುಹೋದಳು.

ಪುಡಿಯ ಸ್ಯಾಶೆಯನ್ನು ಕೈಗೆತ್ತಿಕೊಂಡು ನೋಡೋಣ. ಮುಂದುಗಡೆ ಮಿದುಳಿನ ಆಕಾರದಲ್ಲಿ ಸುತ್ತಿಕೊಂಡ ಕರುಳಿನ ಚಿತ್ರ. ಹಿಂದುಗಡೆ, ಅಂಟಿಸಿ ಮಡಚಿದ ಜಾಗದ ಪಕ್ಕದಲ್ಲಿ, ‘ಔಷಧೀಯ ಬಳಕೆಗಲ್ಲ’ ಎಂಬ ಅರ್ಥದ ಇಂಗ್ಲಿಷ್ ಸಾಲು. ಇದು ಅವರ ಪ್ರಾಮಾಣಿಕತೆಯಿಂದ ಬಂದದ್ದಲ್ಲ. ಇಂಥ ಪೂರಕ ಆಹಾರಗಳ ಮೇಲೆ ಆ ಸಾಲು ಇರಲೇಬೇಕೆಂದು ಆಹಾರ ಸುರಕ್ಷತಾ ಪ್ರಾಧಿಕಾರದ 2016ರ ನಿಯಮ ಹೇಳುತ್ತದೆ. ಒಂದು ದಿನದ ಪ್ರಮಾಣದಲ್ಲಿ ಕನಿಷ್ಠ 10 ಕೋಟಿ ಜೀವಂತ ಬ್ಯಾಕ್ಟೀರಿಯಾ ಇರಬೇಕೆಂದೂ ಅದರಲ್ಲಿದೆ. ಈ ಸ್ಯಾಶೆಯ ಮೇಲೆ 500 ಕೋಟಿ ಎಂದು ಬರೆದಿದ್ದಾರೆ. ಎಂಟು ಪ್ರಭೇದಗಳ ಹೆಸರಿವೆ, ಯಾವುದರ ಮುಂದೆಯೂ ತಳಿಯ ಸಂಖ್ಯೆ ಇಲ್ಲ. ಪ್ರೋಬಯಾಟಿಕ್ ವಿಷಯದಲ್ಲಿ ಇದು ಸಣ್ಣ ಲೋಪವಲ್ಲ. ಒಡಿಶಾದ ಹಳ್ಳಿಗಳಲ್ಲಿ 4,556 ನವಜಾತ ಶಿಶುಗಳ ಮೇಲೆ ನಡೆದು 2017ರಲ್ಲಿ ಪ್ರಕಟವಾದ ದೊಡ್ಡ ಪ್ರಯೋಗದಲ್ಲಿ, ಲ್ಯಾಕ್ಟೊಬ್ಯಾಸಿಲಸ್ ಪ್ಲಾಂಟಾರಮ್‌ನ ಒಂದು ನಿರ್ದಿಷ್ಟ ತಳಿಯನ್ನು ಅದಕ್ಕೆ ಆಹಾರವಾಗುವ ಸಕ್ಕರೆಯೊಂದಿಗೆ ಏಳು ದಿನ ಕೊಟ್ಟಾಗ ರಕ್ತದ ನಂಜು ಮತ್ತು ಸಾವು ಎರಡೂ ಸೇರಿ ಶೇ 9ರಿಂದ ಶೇ 5.4ಕ್ಕೆ ಇಳಿದವು. ಅದು ನಮ್ಮ ದೇಶದಲ್ಲೇ ನಡೆದ, ಹೆಮ್ಮೆಪಡಬೇಕಾದ ಕೆಲಸ. ಅಲ್ಲಿ ತಳಿಯ ಹೆಸರು ಗೊತ್ತು, ಪ್ರಮಾಣ ಗೊತ್ತು, ಯಾವ ಮಗುವಿಗೆ ಯಾವ ಕಾಯಿಲೆ ತಡೆಯಲು ಎಂಬುದೂ ಗೊತ್ತು. ನನ್ನ ಕೈಲಿದ್ದ ಸ್ಯಾಶೆಯ ಬಗ್ಗೆ ಇವು ಯಾವುದೂ ಗೊತ್ತಿರಲಿಲ್ಲ. ಆಟಿಸಂಗೆಂದೇ ಪ್ರೋಬಯಾಟಿಕ್ ಪರೀಕ್ಷಿಸಿದ ಪ್ರಯೋಗಗಳೂ ಇವೆ. ಇಟಲಿಯಲ್ಲಿ ಶಾಲೆಗೆ ಸೇರದ ವಯಸ್ಸಿನ 85 ಮಕ್ಕಳಿಗೆ ಆರು ತಿಂಗಳು ಕೊಟ್ಟು 2020ರಲ್ಲಿ ವರದಿ ಮಾಡಿದರು: ಆಟಿಸಂನ ತೀವ್ರತೆಯ ಮುಖ್ಯ ಅಳತೆಯಲ್ಲಿ ಪ್ರೋಬಯಾಟಿಕ್ ಪಡೆದವರಿಗೂ ಹುಸಿಪುಡಿ ಪಡೆದವರಿಗೂ ವ್ಯತ್ಯಾಸವಿರಲಿಲ್ಲ. ಕೆಲವು ಉಪಗುಂಪುಗಳಲ್ಲಿ ಕೆಲವು ಆಶಾದಾಯಕ ಸೂಚನೆಗಳು ಕಂಡಿದ್ದವು. ಅಷ್ಟು ಹೇಳದಿದ್ದರೆ ನಾನೂ ಕಂಪನಿಯಂತೆಯೇ ಬೇಕಾದ್ದನ್ನು ಮಾತ್ರ ಆರಿಸಿ ಹೇಳಿದಂತಾಗುತ್ತದೆ.

ಪುಡಿ ಶುರುಮಾಡಿದ ಎರಡನೆಯ ವಾರಕ್ಕೆ ನನಗೆ ಮಗ ಹೆಚ್ಚು ಕಣ್ಣು ಕೊಟ್ಟು ನೋಡುತ್ತಿದ್ದಾನೆ ಎನಿಸಿತು. ದಿನಚರಿಯಲ್ಲಿ ಬರೆದೂ ಇಟ್ಟಿದ್ದೇನೆ. ಈಗ ಅದನ್ನು ಓದುವಾಗ ಸೆಕ್ರೆಟಿನ್ ಕಥೆ ನೆನಪಾಗುತ್ತದೆ. ಸಣ್ಣಕರುಳಿನಲ್ಲಿ ತಯಾರಾಗುವ ಆ ಹಾರ್ಮೋನನ್ನು ಚುಚ್ಚಿದರೆ ಆಟಿಸಂ ಸುಧಾರಿಸುತ್ತದೆಂದು 1998ರ ಹೊತ್ತಿಗೆ ಅಮೆರಿಕದಲ್ಲಿ ಭಾರೀ ಸುದ್ದಿಯಾಗಿತ್ತು. ಮರುವರ್ಷ 56 ಮಕ್ಕಳಲ್ಲಿ ಅರ್ಧ ಜನರಿಗೆ ಸೆಕ್ರೆಟಿನ್, ಅರ್ಧ ಜನರಿಗೆ ಉಪ್ಪುನೀರು ಚುಚ್ಚಿ ನೋಡಿದರು. ಎರಡೂ ಗುಂಪುಗಳ ಮಕ್ಕಳು ಒಂದೇ ಸಮನೆ ಸುಧಾರಿಸಿದರು. ಫಲಿತಾಂಶ ತಿಳಿದ ಮೇಲೂ ಶೇ 69ರಷ್ಟು ತಂದೆತಾಯಿಗಳು ತಮಗೆ ಆ ಚಿಕಿತ್ಸೆಯಲ್ಲಿ ಆಸಕ್ತಿ ಉಳಿದಿದೆ ಎಂದರು. ಆ ಶೇ 69ರ ಬಗ್ಗೆ ನಗುವ ಯೋಗ್ಯತೆ ನನಗಿಲ್ಲ. ನಾಲ್ಕನೆಯ ವಾರಕ್ಕೆ ಮಗನ ಹೊಟ್ಟೆ ಉಬ್ಬರಿಸಿ ತಮಟೆಯಂತಾಯಿತು. ಪುಡಿಯಲ್ಲಿ ಬೆರೆಸಿದ್ದ ಸಕ್ಕರೆಯ ಜಾತಿಯ ನಾರು ಕರುಳಿನಲ್ಲಿ ಹುದುಗಿ ಅನಿಲ ತುಂಬಿಕೊಂಡಿತ್ತು. ಚಡ್ಡಿಯ ಕಲೆ ಹೆಚ್ಚಾಯಿತು. ಸಹಾಯವಾಣಿಯ ಉತ್ತರ: ಹೊಂದಿಕೊಳ್ಳುವ ಹಂತ, ಮುಂದುವರಿಸಿ.

ಮುಂದುವರಿಸದೆ ಊರಿನ ಮಕ್ಕಳ ವೈದ್ಯರಲ್ಲಿಗೆ ಹೋದೆವು. ನಾನು ವರದಿಯ 38 ಪುಟಗಳನ್ನೂ ಮುದ್ರಿಸಿಕೊಂಡು ಹೋಗಿದ್ದೆ. ಅವರು ಅದನ್ನು ಪಕ್ಕಕ್ಕಿಟ್ಟು, ಮಗನಿಗೆ ತಮ್ಮ ಸ್ಟೆತಸ್ಕೋಪ್ ಆಡಲು ಕೊಟ್ಟು, ಮಲಗಿಸಿ, ಎಡಗಡೆ ಕೆಳಹೊಟ್ಟೆಯನ್ನು ಬೆರಳಿನಿಂದ ಮೆಲ್ಲಗೆ ಒತ್ತಿದರು. “ಮೇಷ್ಟ್ರೇ, ಇಷ್ಟು ದಿನದಲ್ಲಿ ಇವನ ಹೊಟ್ಟೆ ಯಾರಾದರೂ ಮುಟ್ಟಿ ನೋಡಿದ್ದಾರಾ?” ಎಂದು ಕೇಳಿದರು. ಯಾರೂ ನೋಡಿರಲಿಲ್ಲ. ನನ್ನ ಬೆರಳನ್ನು ಹಿಡಿದು ಅಲ್ಲಿಡಿಸಿದರು. ಒದ್ದೆ ಜೇಡಿಮಣ್ಣಿನ ಉಂಡೆಗಳಂಥವು ಸಾಲಾಗಿ ಕೈಗೆ ಸಿಕ್ಕವು. ಅದು ಭೇದಿಯಾಗಿರಲೇ ಇಲ್ಲ. ವಾರಗಟ್ಟಲೆ ಕಟ್ಟಿಕೊಂಡ ಗಟ್ಟಿ ಮಲ ದಾರಿ ಮುಚ್ಚಿದಾಗ ಮೇಲಿನ ನೀರಾದ ಮಲ ಅದರ ಬದಿಯಿಂದ ಜಿನುಗುತ್ತದೆ, ಹಿಗ್ಗಿದ ಕರುಳಿಗೆ ಒತ್ತಡದ ಅರಿವೇ ಇಲ್ಲವಾಗಿ ಮಗುವಿಗೆ ಜಿನುಗಿದ್ದೂ ತಿಳಿಯುವುದಿಲ್ಲ. ಆಟಿಸಂ ಇರುವ ಮಕ್ಕಳಲ್ಲಿ ಮಲಬದ್ಧತೆ ಬಹಳ ಸಾಮಾನ್ಯವೆಂದೂ, ನೋವನ್ನು ಮಾತಿನಲ್ಲಿ ಹೇಳಲಾರದ ಮಗು ಅದನ್ನು ಕೈ ಕಚ್ಚಿಕೊಂಡು, ರಾತ್ರಿ ಎದ್ದು, ಹೊಟ್ಟೆಯನ್ನು ಎಲ್ಲಿಗಾದರೂ ಒತ್ತಿಕೊಂಡು ಹೇಳುತ್ತದೆಂದೂ ವಿವರಿಸಿದರು. ನಾವು ಪ್ರಶ್ನಾವಳಿಯಲ್ಲಿ ಆರು, ಏಳು ಎಂದು ಗುರುತು ಮಾಡಿದ್ದು ಬ್ರಿಸ್ಟಲ್ ಪಟ್ಟಿಯ ಒಂದನೆಯ ಚಿತ್ರದ ಸೋರಿಕೆಯನ್ನು. ಕಂಪನಿ ನಮ್ಮ ಆ ತಪ್ಪು ಉತ್ತರದ ಮೇಲೆಯೇ ‘ಸಡಿಲ ಮಲಕ್ಕೆ ಸೂಕ್ತ’ವಾದ ಪುಡಿಯನ್ನು ಆರಿಸಿತ್ತು.

ಪಾಲಿಎಥಿಲೀನ್ ಗ್ಲೈಕಾಲ್ ಎಂಬ ಪುಡಿಯನ್ನು ನೀರಿನಲ್ಲಿ ಕರಗಿಸಿ ಕೊಡಲು ಬರೆದರು. ಅದು ಬ್ಯಾಕ್ಟೀರಿಯಾಗಳ ತಂಟೆಗೆ ಹೋಗುವ ಮದ್ದಲ್ಲ. ಕರುಳಿನೊಳಗೆ ನೀರನ್ನು ಹಿಡಿದಿಟ್ಟು ಮಲವನ್ನು ಮೆತ್ತಗಾಗಿಸುತ್ತದೆ. ರುಚಿಯಿಲ್ಲ, ಬಣ್ಣವಿಲ್ಲ, ಹಾಗಾಗಿ ನನ್ನ ಮಗ ಅದನ್ನು ಕುಡಿದ. ಕಾಲಿನಡಿ ಮಣೆ ಇಟ್ಟು ದಿನಾ ಊಟವಾದ ಮೇಲೆ ಹತ್ತು ನಿಮಿಷ ಕೂರಿಸುವುದು, ತಿಂಗಳುಗಟ್ಟಲೆ ಮದ್ದು ನಿಲ್ಲಿಸದಿರುವುದು, ಇಷ್ಟು ಅವರ ಸಲಹೆ. ಮೊದಲ ವಾರದ ಬಚ್ಚಲ ವಿವರ ಇಲ್ಲಿ ಬೇಡ. ಮೂರನೆಯ ವಾರಕ್ಕೆ ರಾತ್ರಿ ಏಳುವುದು ನಿಂತಿತು. ಕೈ ಕಚ್ಚಿಕೊಳ್ಳುವುದು ಬಹಳ ಕಡಿಮೆಯಾಯಿತು. ಥೆರಪಿಯಲ್ಲಿ ಹೆಚ್ಚು ಹೊತ್ತು ಕೂರುತ್ತಿದ್ದಾನೆಂದು ಅಲ್ಲಿನವರೇ ಹೇಳಿದರು. ಆಟಿಸಂ ಇದ್ದಂತೆಯೇ ಇದೆ. ಹೊಟ್ಟೆನೋವು ಇಲ್ಲದ ಆಟಿಸಂ ಅದು.

ಕರುಳಿನ ಬ್ಯಾಕ್ಟೀರಿಯಾ ಮಕ್ಕಳ ನರಗಳನ್ನು ನೇರವಾಗಿ ಕೆಡಿಸುವ ಸಂದರ್ಭಗಳು ಇಲ್ಲವೇ ಎಂದು ವೈದ್ಯರನ್ನು ಕೇಳಿದ್ದೆ. ಇವೆ, ಆದರೆ ಅವಕ್ಕೆ ಪ್ಯಾಕೇಜ್ ಮಾರುವುದಿಲ್ಲ ಎಂದು ನಕ್ಕರು. ಒಂದು, ಶಿಶುಗಳ ಬಾಟ್ಯುಲಿಸಂ. ಒಂದು ವರ್ಷದೊಳಗಿನ ಕೂಸಿನ ಕರುಳಿನಲ್ಲಿ ಕ್ಲಾಸ್ಟ್ರಿಡಿಯಂ ಬಾಟ್ಯುಲಿನಮ್‌ನ ಬೀಜಕಣ ಮೊಳೆತರೆ ಅದರ ವಿಷ ನರದಿಂದ ಸ್ನಾಯುವಿಗೆ ಹೋಗುವ ಸಂದೇಶವನ್ನೇ ತಡೆಯುತ್ತದೆ. ಮೊದಲ ಲಕ್ಷಣ ಹಲವು ಸಲ ಮಲಬದ್ಧತೆಯೇ, ಆಮೇಲೆ ರೆಪ್ಪೆ ಜೋಲುವುದು, ಅಳು ಕ್ಷೀಣವಾಗುವುದು, ಹಾಲು ಚೀಪಲಾರದಿರುವುದು. 1976ರಲ್ಲಿ ಗುರುತಿಸಿದ ಈ ಕಾಯಿಲೆಗೆ ಗೊತ್ತಿರುವ ಮೂಲಗಳಲ್ಲಿ ಜೇನುತುಪ್ಪ ಒಂದು. ಹುಟ್ಟಿದ ಕೂಸಿಗೆ ಜೇನು ನೆಕ್ಕಿಸುವ ಪದ್ಧತಿ ನಮ್ಮ ಮನೆಯಲ್ಲೂ ಇತ್ತು. ಈ ಮಾತು ಕೇಳಿದ ಮೇಲೆ ನಮ್ಮ ಅತ್ತೆ ನಾದಿನಿಯ ಮಗುವಿಗೆ ಅದನ್ನು ಬಿಟ್ಟರು. ಇನ್ನೊಂದು, ಯಕೃತ್ತು ಕೆಟ್ಟಾಗ ಕರುಳಿನ ಬ್ಯಾಕ್ಟೀರಿಯಾಗಳು ಬಿಡುವ ಅಮೋನಿಯಾ ಮಿದುಳನ್ನು ಮಂಕುಗೊಳಿಸುವುದು. ಅದಕ್ಕೆ ಕೊಡುವ ಮದ್ದು ಲ್ಯಾಕ್ಟುಲೋಸ್, ಮಲಬದ್ಧತೆಗೆಂದು ಎಷ್ಟೋ ಮನೆಗಳ ಕಪಾಟಿನಲ್ಲಿರುವ ಅದೇ ಸಿಹಿ ಸಿರಪ್.

ಎರಡನೆಯ ಪರೀಕ್ಷೆಗೆ ಹಣ ಕಟ್ಟಿಯಾಗಿತ್ತು, ಅದನ್ನೂ ಕಳಿಸಿದೆವು. ಮಗ ಚೆನ್ನಾಗಿ ನಿದ್ದೆ ಮಾಡುತ್ತಿದ್ದ, ಹೊಟ್ಟೆ ಹಗುರವಾಗಿತ್ತು. ವೈವಿಧ್ಯದ ಅಂಕ 54ರಿಂದ 47ಕ್ಕೆ ಇಳಿದಿತ್ತು, ಮಿದುಳಿನ ಮುಳ್ಳು ಪೂರ್ತಿ ಕೆಂಪಿಗೆ ಬಂದಿತ್ತು. ಇದರಲ್ಲಿ ಆಶ್ಚರ್ಯವೇನಿಲ್ಲ. ಬೆಲ್ಜಿಯಂನಲ್ಲಿ ಸಾವಿರಕ್ಕೂ ಹೆಚ್ಚು ಜನರನ್ನು ಪರೀಕ್ಷಿಸಿ 2016ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಬ್ಯಾಕ್ಟೀರಿಯಾಗಳ ಚಿತ್ರವನ್ನು ಎಲ್ಲಕ್ಕಿಂತ ಹೆಚ್ಚು ಬದಲಿಸುತ್ತಿದ್ದುದು ಮಲದ ಗಟ್ಟಿತನವೇ. ಕರುಳಿನಲ್ಲಿ ಹೆಚ್ಚು ಹೊತ್ತು ನಿಂತ ಮಲದಲ್ಲಿ ವೈವಿಧ್ಯ ಹೆಚ್ಚು, ಬೇಗ ಹೊರಬಂದದ್ದರಲ್ಲಿ ಕಡಿಮೆ. ಮಗನಿಗೆ ಗುಣವಾದದ್ದಕ್ಕೇ ಅಂಕ ಇಳಿದಿದ್ದಿರಬೇಕು. ಎರಡನೆಯ ಮಾತುಕತೆಯಲ್ಲಿ ಆಹಾರತಜ್ಞೆ ಇದನ್ನು ಕೇಳಿಸಿಕೊಂಡು ಇನ್ನೂ 90 ದಿನದ ಪುಡಿಗೆ ಶೇ 20 ರಿಯಾಯಿತಿ ಇದೆ ಎಂದರು.

ಯಾರಿಗಾದರೂ ಇದು ಬೇಕೇ? ಸಂಶೋಧನೆಯಲ್ಲಿ ಪಾಲ್ಗೊಳ್ಳುವ ಆಸೆಯಿರುವ, ಹಣದ ಚಿಂತೆಯಿಲ್ಲದ ವಯಸ್ಕರು ಕುತೂಹಲಕ್ಕೆ ಮಾಡಿಸಿಕೊಳ್ಳಲಿ. ಮಗುವಿನ ಆಟಿಸಂಗೆ, ಫಿಟ್ಸಿಗೆ, ಚಂಚಲತೆಗೆ ದಾರಿ ಹುಡುಕುತ್ತಿರುವವರು ಈ ಹಣವನ್ನು ಥೆರಪಿಗೆ ಇಟ್ಟುಕೊಳ್ಳಬೇಕು. ನಮ್ಮ ಊರಿನ ದರದಲ್ಲಿ 14,500 ರೂಪಾಯಿ ಎಂದರೆ ಸುಮಾರು 29 ಬಾರಿಯ ವಾಕ್ ಚಿಕಿತ್ಸೆ. ಅವಧಿಗೆ ಮುನ್ನ ಹುಟ್ಟಿ ಆಸ್ಪತ್ರೆಯಲ್ಲಿರುವ ಕೂಸು, ರೋಗನಿರೋಧಕ ಶಕ್ತಿ ಕುಂದಿದ ಮಗು, ರಕ್ತನಾಳದಲ್ಲಿ ಕೊಳವೆ ಹಾಕಿರುವ ಮಗು ಇವರಿಗೆ ವೈದ್ಯರನ್ನು ಕೇಳದೆ ಪ್ರೋಬಯಾಟಿಕ್ ಕೊಡಲೇಬಾರದು. ಅವಧಿಪೂರ್ವ ಶಿಶುವೊಂದು ಪ್ರೋಬಯಾಟಿಕ್‌ನ ಬ್ಯಾಕ್ಟೀರಿಯಾದಿಂದಲೇ ಸೋಂಕಾಗಿ ಸತ್ತ ಬಳಿಕ 2023ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಈ ಬಗ್ಗೆ ಎಚ್ಚರಿಕೆ ಹೊರಡಿಸಿತು.

ಉಳಿದ 62 ಸ್ಯಾಶೆಗಳನ್ನು ವಾಪಸು ತೆಗೆದುಕೊಳ್ಳುವುದಿಲ್ಲ ಎಂದರು. ತೆರೆಯದ ಪೊಟ್ಟಣವಾದರೂ ಆಹಾರಪದಾರ್ಥವಾದ್ದರಿಂದ ಅದು ನ್ಯಾಯವೇ. ನನಗೆ ಈಗ ಉಳಿದಿರುವ ತಕರಾರು ಒಂದೇ. ಕಿಟ್ ನೋಂದಾಯಿಸುವಾಗ ಓದದೆ ಒಪ್ಪಿಗೆ ಒತ್ತಿದ ಪುಟದಲ್ಲಿ, ಮಾದರಿಯಿಂದ ಪಡೆದ ಮಾಹಿತಿಯನ್ನು ‘ಪಾಲುದಾರ’ರೊಂದಿಗೆ ಹಂಚಿಕೊಳ್ಳಬಹುದು ಎಂದಿದೆ. ಮಲದಲ್ಲಿ ಬ್ಯಾಕ್ಟೀರಿಯಾಗಳದ್ದಷ್ಟೇ ಅಲ್ಲದೆ ಮಗುವಿನದೇ ಡಿಎನ್‌ಎ ಕೂಡ ಅಲ್ಪಸ್ವಲ್ಪ ಇರುತ್ತದೆ; ಪ್ರಶ್ನಾವಳಿಯಲ್ಲಂತೂ ಅವನ ಹುಟ್ಟಿದ ದಿನದಿಂದ ಹಿಡಿದು ಎಲ್ಲವನ್ನೂ ನಾವೇ ಬರೆದುಕೊಟ್ಟಿದ್ದೇವೆ. ಮಾದರಿಯನ್ನು ನಾಶಮಾಡಿ, ದಾಖಲೆಯನ್ನು ಅಳಿಸಿಹಾಕಿ ಎಂದು ಎರಡು ಸಲ ಇ-ಮೇಲ್ ಬರೆದಿದ್ದೇನೆ. ಮನವಿ ಸ್ವೀಕರಿಸಿದ್ದೇವೆ ಎಂಬ ಯಾಂತ್ರಿಕ ಉತ್ತರ ಬಂದು ಐದು ವಾರವಾಯಿತು. ಮುಂದಿನ ಉತ್ತರ ಬಂದ ದಿನ ಅದನ್ನು ಇದರ ಕೆಳಗೆ ಸೇರಿಸುತ್ತೇನೆ.